ನಿಮ್ಮ ನುಡಿನಮನದಲ್ಲಿ ನಾನು ಮೈಕ್ ಕಸಿದುಕೊಂಡೆ

ಪ್ರೀತಿಯ ಸುಮತಿ ಟೀಚರ್,

ಕಳೆದ ತಿಂಗಳು ನಿಮ್ಮ ನುಡಿನಮನದ ಸಭೆಯಲ್ಲಿ ನಾನು ಮೈಕ್ ಕಸಿದುಕೊಂಡೆ. ಬೈಯಬೇಡಿ, ಮೊದಲು ಪೂರ್ತಿ ಕೇಳಿ. ಊಟಕ್ಕೆ ಮುಂಚೆ ನಿಮ್ಮ ತಮ್ಮ ವೇದಿಕೆ ಹತ್ತಿ, "ಅಕ್ಕ ಇಷ್ಟು ವರ್ಷ ಕಾಯಿಲೆಯಲ್ಲಿದ್ದರೂ ಯಾರಿಗೂ ಭಾರ ಆಗ್ಲಿಲ್ಲ, ಯಾರ ಹತ್ರವೂ ಸಹಾಯ ಕೇಳ್ಲಿಲ್ಲ" ಎಂದರು. ಜನ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಕೇಳಲಿಲ್ಲವಂತೆ! ಕೇಳಿದಾಗ ಫೋನ್ ಎತ್ತದವರು ಯಾರು?

ಅವರ ಮಗನ ಮದುವೆ ನೆನಪುಂಟಲ್ಲ, ಮೂಡುಬಿದಿರೆಯಲ್ಲಿ? ನಾನೇ ನಿಮ್ಮ ಗಾಲಿಕುರ್ಚಿ ತಳ್ಳಿಕೊಂಡು ಬಂದಿದ್ದೆ. "ಅಕ್ಕ, ಫೋಟೋದವರು ಬರ್ತಾರೆ, ನೀವು ಸ್ವಲ್ಪ ಒಳಗೆ ಕೂತ್ಕೊಳ್ಳಿ" ಎಂದು ಪಾತ್ರೆ ತೊಳೆಯುವ ಜಾಗದ ಪಕ್ಕ ಕೂರಿಸಿದರು. ನೀವು ನಕ್ಕು, "ಇಲ್ಲಿ ಪಾಯಸ ಬೇಗ ಸಿಗ್ತದೆ ರಶೀದ್" ಎಂದಿರಿ. ಯಾಕೆ ನಕ್ಕಿರಿ ಟೀಚರ್? ಆ ನಗುವಿನ ಮೇಲೆ ನನಗೆ ಇವತ್ತಿಗೂ ಸಿಟ್ಟುಂಟು.

ಸಿಟ್ಟು ನನ್ನ ಮೇಲೂ ಉಂಟು. ದುಬೈಯಿಂದ ಬಂದ ವರ್ಷ ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಕಾಲು ಸ್ವಾಧೀನ ತಪ್ಪಿ, ತೂರಾಡಿ ಬಿದ್ದೆ. "ಜುಮಾ ನಮಾಜಿಗೆ ಹೋಗುವ ಮನುಷ್ಯ, ಹಗಲಲ್ಲೇ ಹಾಕಿದ್ದಾನೆ ನೋಡಿ" ಎಂದ ಒಬ್ಬ. ಒಂದು ತೊಟ್ಟು ಮುಟ್ಟಿದವನಲ್ಲ ನಾನು! ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದಾಗ ನಿಮ್ಮ ಕಾಯಿಲೆಯ ಹೆಸರೂ ಅದೇ ಅಲ್ಲವೇ ಎಂದು ನೆನಪಾಗಿ ಸಿದ್ಧಕಟ್ಟೆಯ ನಿಮ್ಮ ಮನೆಗೆ ಬಂದೆ. ನಾಲ್ಕನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದ ಹಾಗೆಯೇ ಹೇಳಿಕೊಟ್ಟಿರಿ: ನಮ್ಮದೇ ಮೈ ನಮ್ಮ ನರಗಳ ಪೊರೆಯನ್ನು ಹಾಳು ಮಾಡುತ್ತದೆ, ಸೆಕೆಯಲ್ಲಿ ಕಷ್ಟ ಹೆಚ್ಚು, ಇದು ಅಂಟುವುದಿಲ್ಲ, ಶಾಪವೂ ಅಲ್ಲ. ಆದರೆ ಊರಿಗೆ ನಾನು ಹೇಳಿದ್ದೇನು? ದುಬೈಯಲ್ಲಿ ಏಣಿಯಿಂದ ಬಿದ್ದು ಬೆನ್ನಿಗೆ ಪೆಟ್ಟಾಗಿದೆ ಅಂತ. ಮಗಳು ಶಾಹಿನಾಳಿಗೂ ಅದೇ ಸುಳ್ಳು. ಅವಳಿಗೆ ಸಂಬಂಧ ನೋಡುತ್ತಿದ್ದೆವಲ್ಲ, ಅದಕ್ಕೆ.

ತಿಂಗಳ ಮೊದಲ ಭಾನುವಾರ ನಿಮ್ಮ ಮನೆಯ ಚಾವಡಿಯಲ್ಲಿ ಈ ಕಾಯಿಲೆಯವರೆಲ್ಲ ಸೇರುತ್ತಿದ್ದೆವು. ಯಾರನ್ನು ಯಾರು ಆಸ್ಪತ್ರೆಗೆ ಕರೆದೊಯ್ಯಬೇಕು, ಬೆಳ್ತಂಗಡಿಯ ಟೈಲರಿಗೆ ಯಾರು ಮಾತ್ರೆ ತಲುಪಿಸಬೇಕು ಎಂದು ನೀವು ಚೀಟಿ ಬರೆದು ಹಂಚುತ್ತಿದ್ದಿರಿ. ನಾನು ಮಾತ್ರ ಅವರ ಕಣ್ಣಿಗೆ ಕಾಯಿಲೆಯಿಲ್ಲದ, ಚಾ ಹಂಚುವ ಪರೋಪಕಾರಿ! ಅವರೆಲ್ಲ ನನಗೆ ಕೈಮುಗಿಯುವಾಗ ನೀವು ಸುಮ್ಮನೆ ನನ್ನ ಮುಖ ನೋಡುತ್ತಿದ್ದಿರಿ. ಒಂದು ದಿನವಾದರೂ ಬಾಯಿ ಬಿಟ್ಟಿದ್ದರೆ...

ಅವತ್ತು ಮೈಕ್ ಹಿಡಿದು ಹೇಳಿಯೇಬಿಟ್ಟೆ: "ಭಾರ ಆಗ್ಲಿಲ್ಲ ಅಂತೀರಲ್ಲ, ಹೊರ್ಲಿಕ್ಕೆ ನೀವು ಬಂದದ್ದು ಯಾವಾಗ? ಟೀಚರಿಗೆ ಇದ್ದ ಕಾಯಿಲೆ ನನಗೂ ಉಂಟು. ನಾನು ಸತ್ತ ಮೇಲೆ ಹೊಗಳ್ಲಿಕ್ಕೆ ಬರುವುದು ಬೇಡ. ಬರುವುದಾದ್ರೆ ಈಗ ಬನ್ನಿ." ನಿಮ್ಮ ತಮ್ಮ, "ಊಟಕ್ಕೆ ಏಳುವ" ಎಂದರು. ಕೈತೊಳೆಯುವಲ್ಲಿ ಮೂಡುಬಿದಿರೆಯ ಹೆಂಗಸೊಬ್ಬರು ಬಂದು, "ನನ್ನ ಸೊಸೆಗೂ ಅದೇ ಅಂತೆ, ಮನೆಯಲ್ಲಿ ಯಾರಿಗೂ ಹೇಳ್ಲಿಲ್ಲ" ಎಂದು ಮೆಲ್ಲಗೆ ಹೇಳಿದರು.

ಮರುದಿನವೇ ಸುದ್ದಿ ತಿಳಿದು ಶಾಹಿನಾಳಿಗೆ ನೋಡಿದ್ದ ಗಂಡಿನ ಕಡೆಯಿಂದ ಫೋನು: "ಸ್ವಲ್ಪ ಯೋಚನೆ ಮಾಡಿ ಹೇಳ್ತೇವೆ." ಮತ್ತೆ ಮಾತೇ ಇಲ್ಲ. ಶಾಹಿನಾ ಅತ್ತಳು, ಸಂಬಂಧ ತಪ್ಪಿದ್ದಕ್ಕಲ್ಲ. "ನನ್ನ ಹತ್ರ ಯಾಕೆ ಸುಳ್ಳು ಹೇಳಿದ್ದು?" ಎಂದು ಕೇಳಿದಳು.

ನಿಮ್ಮ ತಮ್ಮ ಚಾವಡಿಗೆ ಬೀಗ ಹಾಕಿದ್ದಾರೆ. ಹಾಗಾಗಿ ಮೊನ್ನೆ ಭಾನುವಾರ ನನ್ನ ಬಟ್ಟೆ ಅಂಗಡಿಯಲ್ಲೇ ಸೇರಿದೆವು, ಬಿ.ಸಿ.ರೋಡಿನ ನಟ್ಟನಡುವೆ. ಮೂಡುಬಿದಿರೆಯ ಅತ್ತೆ, ಸೊಸೆ ಇಬ್ಬರೂ ಬಂದರು. ಅಭ್ಯಾಸಬಲ ನೋಡಿ, ನಾನು ಎದ್ದು ಶಟರ್ ಅರ್ಧ ಎಳೆದೆ. ಶಾಹಿನಾ ಬಂದು ಅದನ್ನು ಪೂರ್ತಿ ಮೇಲಕ್ಕೆ ತಳ್ಳಿದಳು.

"ಜನ ನೋಡ್ತಾರೆ" ಎಂದೆ.

"ನೋಡ್ಲಿ. ಖಾಲಿ ಕುರ್ಚಿ ಇನ್ನೂ ಉಂಟು" ಎಂದಳು.

ನಿಮ್ಮ
ರಶೀದ್