ನೋಂದಣಿ ಕಚೇರಿಯಲ್ಲಿ ನಾನು ಹೇಳಿದ ‘ಇಲ್ಲ’

ಕಮೋಲಿದ್ದೀನ್,

ಇಪ್ಪತ್ತೊಂದು ವರ್ಷ ನಿನ್ನನ್ನು ‘ನೀವು’ ಎಂದೆ. ಇನ್ನು ಆಗದು. ನಿನ್ನೆ ವಿವಾಹ ನೋಂದಣಿ ಕಚೇರಿಯಲ್ಲಿ ನಡೆದದ್ದನ್ನು ನಿನ್ನಕ್ಕ ಹಾಲಿಮಾ ಇಸ್ಫಾರಾ ಊರ ತುಂಬ ಬಾಯಿಗೆ ಬಂದಂತೆ ಹೇಳಿಕೊಂಡು ಬರುತ್ತಿದ್ದಾಳೆ. ಹೇಳಲಿ. ನಿನಗೆ ಮಾತ್ರ ನಾನೇ ಬರೆದು ತಿಳಿಸುತ್ತೇನೆ.

ಮುಲ್ಲಾ ನಿಕಾಹ್ ಓದಿದ ಮರುವಾರವೇ ಕೇಳಿದ್ದೆ, ಕಚೇರಿಯಲ್ಲೂ ಬರೆಸೋಣವೆಂದು. ಒಮ್ಮೆ ನಿನ್ನ ಪಾಸ್‌ಪೋರ್ಟ್ ಅವಧಿ ಮುಗಿದಿತ್ತು. ಒಮ್ಮೆ ಫೋಟೊದಲ್ಲಿ ಕಿವಿ ಸರಿಯಾಗಿ ಕಾಣುತ್ತಿರಲಿಲ್ಲ. ನೋಂದಣಿಗೆ ಬೇಕಾದ ವೈದ್ಯರ ಚೀಟಿ ತರಲು ನಿನಗೆ ನಾಚಿಕೆ ಬೇರೆ. ಕೊನೆಗೆ ನೀನು, “ದೇವರೇ ಸಾಕ್ಷಿ ಇರೋವಾಗ ಸರ್ಕಾರದ ಮುದ್ರೆ ಯಾಕೆ ಬೇಕೇ ನಿಂಗೆ?” ಅಂದೆ. ನಾನು ಕೇಳುವುದನ್ನೇ ಬಿಟ್ಟೆ. ಮಗಳಿಗೆ ಎರಡು ತುಂಬುವಷ್ಟರಲ್ಲಿ ನೀನು ರಷ್ಯಾಕ್ಕೆ ದುಡಿಯಲು ಹೋದೆ.

ಶಹ್ನೋಜಾಳನ್ನು ಶಾಲೆಗೆ ಸೇರಿಸುವಾಗ ಅವಳ ಜನನ ಪತ್ರದಲ್ಲಿ, ನಮ್ಮ ಮದುವೆ ನೋಂದಣಿಯಾಗಿಲ್ಲವೆಂದು, ತಂದೆಯ ಹೆಸರಿನ ಜಾಗದಲ್ಲಿ ಬರೀ ಗೀಟು. ರಷ್ಯಾದಲ್ಲಿದ್ದಾರೆ ಎಂದೆ. “ಎಲ್ಲಿದ್ದಾರೆ ಅಂತಲ್ಲಮ್ಮ, ಯಾರು ಅಂತ ಕೇಳಿದ್ದು,” ಎಂದಳು ಮೇಡಂ. ಅದೇ ವರ್ಷ ನೀನು ಅಲ್ಲಿ ತಮಾರಾಳನ್ನು ಮದುವೆಯಾದ ಸುದ್ದಿ ಬಂತು. ಕಚೇರಿಯಲ್ಲಿ, ಎಲ್ಲ ದಾಖಲೆ ಕೊಟ್ಟು. ಅಲ್ಲಿಯ ಫೋಟೊದಲ್ಲಿ ಕಿವಿ ಕಂಡಿರಬೇಕು.

ಈಗ ಅವಳು ನಿನ್ನನ್ನು ಹೊರಗೆ ಹಾಕಿದಳು. ನಿನ್ನ ತಮ್ಮನ ಮನೆಯಲ್ಲಿ ಚಾಪೆಗೂ ಜಾಗವಿಲ್ಲ. ನಾನು ಮಾಳಿಗೆಯ ಮೇಲೆ ಜರ್ದಾಳು ಹಣ್ಣು ಒಣಹಾಕುತ್ತಿದ್ದಾಗ ಹಾಲಿಮಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ತಮ್ಮ ಬದಲಾಗಿದ್ದಾನೆ, ಕಾನೂನಿನ ಪ್ರಕಾರವೇ ಕೈಹಿಡಿಯುತ್ತಾನಂತೆ ಎಂದಳು. ನಾನು ಒಪ್ಪಿದ್ದು ನಿನ್ನ ಮೇಲಿನ ಆಸೆಗಲ್ಲ. ಮಗಳ ಮದುವೆ ಗೊತ್ತಾಗಿದೆ, ಬೀಗರು ತಂದೆ ಯಾರೆಂದು ಕೇಳುತ್ತಿದ್ದರು. ಅಷ್ಟಕ್ಕೇ ಒಪ್ಪಿದೆ.

ನಿನ್ನೆ ನೀನು ಹೊಸ ಕೋಟು ಹಾಕಿ ಬಂದಿದ್ದೆ. ಪಾಸ್‌ಪೋರ್ಟ್, ವಿಚ್ಛೇದನ ಪತ್ರ, ವೈದ್ಯರ ಚೀಟಿ, ಒಂದೂ ಕಡಿಮೆಯಿಲ್ಲ. ಒಂದು ಹಾಳೆ ಮಾತ್ರ ಹೆಚ್ಚಿತ್ತು. ಅಧಿಕಾರಿಣಿ ಅದನ್ನು ಬೇರೆ ತೆಗೆದು, ಇದು ಇಲ್ಲಿಯದಲ್ಲ ಎಂದು ನನ್ನ ಕಡೆಗೆ ಸರಿಸಿದಳು. ನನ್ನ ಅಪ್ಪ ಕಟ್ಟಿದ ಮನೆಯಲ್ಲಿ ನಿನ್ನನ್ನು ಕಾಯಂ ನಿವಾಸಿಯೆಂದು ದಾಖಲಿಸುವ ಅರ್ಜಿ. ಮನೆಯೊಡತಿಯ ಒಪ್ಪಿಗೆ ಎಂಬಲ್ಲಿ ನನ್ನ ಸಹಿಯನ್ನೂ ನೀನೇ ಹಾಕಿದ್ದೆ. ಥೂ, ಕಳ್ಳಸಹಿಯಲ್ಲೂ ನನ್ನ ಹೆಸರು ತಪ್ಪು.

“ಈ ಮದುವೆ ಸ್ವಂತ ಇಷ್ಟದಿಂದ ತಾನೇ ಅಮ್ಮಾ?” ಎಂದು ಅಧಿಕಾರಿಣಿ ಕೇಳಿದಳು. ಈ ಪ್ರಶ್ನೆಯನ್ನು ಹುಟ್ಟಿದಾಗಿನಿಂದ ಯಾರೂ ನನಗೆ ಕೇಳಿರಲಿಲ್ಲ. ಜೊತೆಗೆ ಬಂದಿದ್ದ ಮಗಳ ಮುಖ ನೋಡಿದೆ. “ಗೀಟೇ ಇರಲಿ ಬಿಡಮ್ಮ, ನಂಗೆ ಅಭ್ಯಾಸ ಆಗಿದೆ,” ಎಂದಳು. ನಾನು ‘ಇಲ್ಲ’ ಎಂದು ಪಾಸ್‌ಪೋರ್ಟ್ ಎತ್ತಿಕೊಂಡು ಎದ್ದೆ. ಬೀಗರಿಗೂ ಸಂಜೆಯೇ ಇದ್ದದ್ದನ್ನು ಇದ್ದಂತೆ ಹೇಳಿದ್ದೇನೆ. ಹುಡುಗನ ತಾಯಿ ಎರಡು ಬಟ್ಟಲು ಚಹಾ ಕುಡಿದಳು. ಆಮೇಲೆ ಮದುವೆಗೆ ಎಷ್ಟು ಜನ ಎಂದು ಕೇಳಿದಳು.

ನಾವು ಹೊರಟ ಮೇಲೆ ನೀನು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆಯಂತೆ. ಮುಂದಿನ ಜೋಡಿಯವರು ನಿನ್ನ ಕೋಟು ನೋಡಿ ಗಂಡಿನ ಕಡೆಯ ಹಿರಿಯನೆಂದುಕೊಂಡು ಮಿಠಾಯಿ ಕೊಟ್ಟರಂತೆ. ತಿಂದು, ಇನ್ನೊಂದು ಕೇಳಿದೆಯಂತೆ.

ದೇವರು ನಿನಗೊಂದು ಸೂರು ಕೊಡಲಿ, ನಮ್ಮ ಬೀದಿ ಬಿಟ್ಟು.

ಶಹ್ನೋಜಾಳ ತಾಯಿ,
ಮುಅತ್ತರ್