ಪ್ರಿನ್ಸಿಪಾಲರ ಪರವಾಗಿ ತರಬೇತಿ

೧೦ ಫೆಬ್ರವರಿ, ಸೋಮವಾರ. ಬೆಳಿಗ್ಗೆ ೧೦.೫೫

ಇಶ್ಯೂ ಆದ ಪುಸ್ತಕ ಹದಿನಾಲ್ಕು, ವಾಪಸ್ ಬಂದದ್ದು ಒಂಬತ್ತು. ಅಷ್ಟರಲ್ಲಿ ಪ್ರಿನ್ಸಿಪಾಲ್ ಚಂದ್ರಮೋಹನ್ ಸರ್ ತಮ್ಮ ಲ್ಯಾಪ್‌ಟಾಪ್ ತಂದು ನನ್ನ ಕೌಂಟರ್ ಮೇಲಿಟ್ಟರು. ಕಾಲೇಜು ಮುಖ್ಯಸ್ಥರಿಗೆ ಆನ್‌ಲೈನ್ ತರಬೇತಿಯಂತೆ — ನಾಯಕತ್ವದ ಬಗ್ಗೆ. ಎರಡು ವಾರ. ಸರ್ ಇನ್ನೂ ಪ್ರಭಾರ. ಖಾಯಂ ಆಗಲು ಸರ್ಟಿಫಿಕೇಟ್ ಬೇಕು.

"ಲೈಬ್ರರಿ ಹೇಗೂ ಸೈಲೆಂಟಾಗಿರುತ್ತೆ. ನನ್ನ ಬದಲು ನೀವು ಕೂತ್ಕೊಳ್ಳಿ ಸರಳಾ ಮೇಡಂ. ಕ್ಯಾಮೆರಾ ಆಫ್. ಅಟೆಂಡೆನ್ಸ್ ಲಿಂಕ್ ಬಂದಾಗ ಒತ್ತಿದ್ರೆ ಸಾಕು."

"ಪ್ರಶ್ನೆ ಕೇಳಿದ್ರೆ ಸರ್?"

"ಯಾರೂ ಕೇಳಲ್ಲ ಬಿಡಿ."

ಹೋಗುವಾಗ ನಿಂತು ಓದುವ ಕೋಣೆಯನ್ನು ಕಣ್ಣಲ್ಲೇ ಅಳೆದರು. ಮಾರ್ಚ್ ಒಂದರಿಂದ ಅದು ಮೀಟಿಂಗ್ ಹಾಲ್. ತಾಯಲೂರು ಕಡೆಯ ಹುಡುಗಿಯರು ಐದೂವರೆ ಬಸ್ಸಿನವರೆಗೆ ಅಲ್ಲೇ ಓದುತ್ತಾರೆ. ಇಡೀ ಮುಳಬಾಗಿಲಲ್ಲಿ ಅವರಿಗೆ ಬೇರೆ ಜಾಗವಿಲ್ಲ. ಹೇಳಿದ್ದೆ. "ಬಸ್‌ಸ್ಟಾಂಡಲ್ಲಿ ಬೆಂಚಿದೆಯಲ್ಲ" ಅಂದಿದ್ದರು.

೧೧ ಫೆಬ್ರವರಿ

ಪ್ರಶ್ನೆ ಕೇಳಿದರು. ತರಬೇತಿ ನಡೆಸುವ ಶೋಭಾರಾಣಿ ಮೇಡಂ — "ಚಂದ್ರಮೋಹನ್ ಸರ್, ನಿಮ್ಮ ಸಿಬ್ಬಂದಿ ನಿಮಗೆ ಹೇಳಲು ಹೆದರುವ ಒಂದು ಸಂಗತಿ?"

ಮೈಕ್ ಕೆಟ್ಟಿದೆಯೆಂದು ಚಾಟ್‌ನಲ್ಲಿ ಬರೆದೆ. ಆಮೇಲೆ ಮೂರು ಸಂಗತಿ ಬರೆದೆ. ಕೇಳಿದ್ದು ಒಂದೇ. ಉಳಿದೆರಡನ್ನು ಬಿಡಲು ಮನಸ್ಸಾಗಲಿಲ್ಲ.

"ಎಂಥ ಆತ್ಮವಿಮರ್ಶೆ ಸರ್" ಎಂದರು ಮೇಡಂ. ಇಪ್ಪತ್ತಾರು ಪ್ರಿನ್ಸಿಪಾಲರು ಚಪ್ಪಾಳೆಯ ಚಿತ್ರ ಕಳಿಸಿದರು. ಅವರಲ್ಲಿ ಎಷ್ಟು ಜನ ಲೈಬ್ರೇರಿಯನ್ನರೋ...

೧೪ ಫೆಬ್ರವರಿ. ಮಧ್ಯಾಹ್ನ

ಅಟೆಂಡರ್ ಅಪ್ಪಾಜಪ್ಪ ಟೀ ತಂದ. "ಹೆಂಗೈತೆ ಮೇಡಂ, ಪ್ರಿನ್ಸಿಪಾಲ್ ಪೋಸ್ಟು?"

"ಕಷ್ಟ ಏನಿಲ್ಲ. ಯಾರೂ ಎದುರು ಮಾತಾಡಲ್ಲ."

"ಸರಿಪೋಯಿಂದಿ," ಸರಿಹೋಯ್ತು ಅಂತ ತೆಲುಗಿನಲ್ಲಿ ನಕ್ಕ. "ಹಂಗಾದ್ರೆ ನನ್ ರಜಾ ಅರ್ಜೀಗೂ ಒಂದ್ ಸೈನ್ ಹಾಕ್ಬಿಡಿ."

ತರಬೇತಿಯ ನಡುವೆ ಓದುತ್ತಿರುವ ಪೋಲೆಂಡಿನ ಕಾದಂಬರಿ ಅರ್ಧ ಆಯಿತು. ಅನುವಾದಕಿಯ ಹೆಸರು ಒಳಪುಟದಲ್ಲಿ, ಸಣ್ಣ ಅಕ್ಷರದಲ್ಲಿ. ಸರ್ಟಿಫಿಕೇಟಿನಲ್ಲಿ ನನ್ನ ಹೆಸರು ಅಷ್ಟೂ ಇರುವುದಿಲ್ಲ.

ಇಂದಿನ ಅಸೈನ್‌ಮೆಂಟ್: ನಿಮ್ಮ ಕಾಲೇಜಿನಲ್ಲಿ ಕೈಗೊಳ್ಳುವ ಒಂದು ನಿರ್ಧಾರ. ಇನ್ನೂರು ಪದ. ಸರ್‌ಗೆ ಫೋನ್ ಮಾಡಿದೆ. "ಏನಾದ್ರೂ ಬರೆದು ಹಾಕಿ ಮೇಡಂ. ನನಗೆ ತೋರಿಸೋದೂ ಬೇಡ."

ಬರೆದೆ. ಓದುವ ಕೋಣೆ ಸಂಜೆ ಆರರವರೆಗೆ ತೆರೆದಿರುತ್ತದೆ. ಬೇರೆ ಯಾವುದಕ್ಕೂ ಬಳಸುವುದಿಲ್ಲ — ಕಾರಣಗಳ ಸಮೇತ. ಎಣಿಸಿದರೆ ನೂರ ತೊಂಬತ್ತೊಂಬತ್ತು ಪದ. "ತಕ್ಷಣದಿಂದ" ಸೇರಿಸಿದೆ.

೧೯ ಫೆಬ್ರವರಿ

ನಾನು ಬರೆದದ್ದೇ ಅತ್ಯುತ್ತಮ ಯೋಜನೆಯಂತೆ. ಶುಕ್ರವಾರ ಸಮಾರೋಪದಲ್ಲಿ ಸರ್ ಅದನ್ನು ಓದಬೇಕು. ಕ್ಯಾಮೆರಾ ಆನ್. ನಮ್ಮ ಆಡಳಿತ ಮಂಡಳಿ ಅಧ್ಯಕ್ಷ ಆವಲಪ್ಪನವರಿಗೂ ಲಿಂಕ್ ಹೋಗಿದೆ.

ಸರ್ ಕೌಂಟರ್‌ಗೆ ಬಂದರು. ದನಿ ತಗ್ಗಿಸಿ, "ಏನ್ ಬರ್ದಿದ್ದೀನಿ ನಾನು?"

ಪ್ರಿಂಟ್ ಕೊಟ್ಟೆ. ನಿಂತೇ ಓದಿದರು. ಎರಡು ಸಲ.

"ನಾನು ಹೀಗ್ ಬರಿಯಲ್ವಲ್ಲ ಮೇಡಂ."

"ಏನಾದ್ರೂ ಬರಿ ಅಂದಿದ್ರಿ ಸರ್."

"ಬೇರೆ ಬರ್ದುಕೊಡಿ."

"ಸಬ್‌ಮಿಟ್ ಆಗೋಯ್ತು. ಓದೋವಾಗ ಸ್ಕ್ರೀನ್ ಮೇಲೆ ಅದನ್ನೇ ತೋರಿಸ್ತಾರಂತೆ."

"ಮತ್ತೆ ಮೀಟಿಂಗ್ ಎಲ್ಲಿ ಮಾಡ್ಲಿ ನಾನು?"

ಬಸ್‌ಸ್ಟಾಂಡಿನ ಬೆಂಚು ನೆನಪಾಯಿತು. ಹೇಳಲಿಲ್ಲ.

೨೧ ಫೆಬ್ರವರಿ, ಶುಕ್ರವಾರ. ಸಂಜೆ ೪.೨೦

ಸಮಾರೋಪ ಓದುವ ಕೋಣೆಯಲ್ಲೇ ನಡೆಯುತ್ತಿದೆ. ನೆಟ್‌ವರ್ಕ್ ಇಲ್ಲಿ ಮಾತ್ರ ಚೆನ್ನಾಗಿದೆ. ಹಿಂದಿನ ಮೇಜಿನಲ್ಲಿ ಹುಡುಗಿಯರು. ನಾನು ಕ್ಯಾಮೆರಾಗೆ ಕಾಣದ ಮೂಲೆಯಲ್ಲಿ.

"ಮೈಕ್ ಸರಿಹೋಯ್ತಾ ಸರ್?" ಎಂದರು ಶೋಭಾರಾಣಿ.

"ಇವತ್ತೇ ರಿಪೇರಿ ಆಯ್ತು."

ಓದಿದರು. ಓದುವ ಕೋಣೆ ಎಂಬಲ್ಲಿ ನೀರು ಕುಡಿದರು. ಆದರೆ ಪೂರ್ತಿ ಓದಿದರು. ಒಂದು ಪದವೂ ಬಿಡಲಿಲ್ಲ — ನನ್ನ ಪ್ರತಿಯಲ್ಲಿ ಬೆರಳಿಟ್ಟು ನೋಡಿಕೊಂಡೆ. ಹುಡುಗಿಯರು ತಲೆಯೆತ್ತಿದರು.

ಸ್ಕ್ರೀನಿನಲ್ಲಿ ಆವಲಪ್ಪನವರು: "ಮೀಟಿಂಗ್ ಹಾಲ್ ಅಂತಿದ್ರಿ. ಇದೇ ವಾಸಿ ಕಣ್ರೀ. ಇದನ್ನೇ ಮಾಡಿ. ನಿಮ್ಮ ಖಾಯಂ ವಿಷಯಾನೂ ನೋಡೋಣ."

"ಆಗ್ಲಿ ಸರ್." ಸರ್ ಕರವಸ್ತ್ರ ತೆಗೆದರು.

ಉಸಿರು ಬಿಟ್ಟೆ. ರಿಜಿಸ್ಟರ್ ಅಂಚಿನಲ್ಲೇ ಇದನ್ನು ಬರೆದುಕೊಳ್ಳುತ್ತಿದ್ದೇನೆ.

ಶೋಭಾರಾಣಿ ಬಿಡುತ್ತಿಲ್ಲ. "ಕೊನೇ ಪ್ರಶ್ನೆ ಸರ್. ಈ ನಿರ್ಧಾರಕ್ಕೆ ಹೇಗೆ ಬಂದ್ರಿ?"

ಸರ್ ಕಾಗದ ತಿರುಗಿಸಿದರು. ಹಿಂದೆ ಖಾಲಿ. ನನ್ನತ್ತ ನೋಡಿದರು. ಬೇಡವೆಂದು ತಲೆಯಾಡಿಸಿದೆ.

ಎರಡೂ ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದು, ಕ್ಯಾಮೆರಾವನ್ನು ನಿಧಾನಕ್ಕೆ, ನನ್ನ ಕಡೆ —