ಒಂದು ಕಾಯಂ ಕೆಲಸಕ್ಕೆ ಇಬ್ಬರು

೧೪ ಮಾರ್ಚ್ ೨೦೦೮, ಶುಕ್ರವಾರ. ಸಾವರ್ಡೆ.

ಒಂದು ಕಾಯಂ ಕೆಲಸ ತೋರಿಸಿ ಇಬ್ಬರು ಗುತ್ತಿಗೆ ಕಾರ್ಮಿಕರನ್ನು ಕಚ್ಚಾಡಿಸುವುದು ಅನ್ಯಾಯ. ನಾವು ಗುತ್ತಿಗೆಗೆ ದುಡಿಯುವ ವಿದೇಶಿ ಕಂಪನಿಯ ಸಂದರ್ಶನದಲ್ಲಿ ಇಂದು ನನ್ನನ್ನೂ ಜೊತೆಗಾರ ನಯೀಮನನ್ನೂ ಒಟ್ಟಿಗೆ ಕೂರಿಸಿ, ಒಬ್ಬರ ದೋಷ ಇನ್ನೊಬ್ಬರು ಹೇಳಿ ಎಂದರು.

"ಇಂವ ಊಟದ ಹೊತ್ತಿನ್ಯಾಗ ಸಂಘದ ಕರಪತ್ರ ಹಂಚ್ತಾನ್ರಿ," ಎಂದ ನಯೀಮ.

ಅವನ ಒಂದು ಕಿವಿ ಹೋದದ್ದು ಈ ಕಂಪನಿಯದೇ ತಗಡು ಒತ್ತುವ ಪ್ರೆಸ್ ಯಂತ್ರದ ಸದ್ದಿಗೆ. ಆ ಗುಟ್ಟು ಕಾಪಾಡಿದವನು ನಾನೇ. "ಇವಂಗ ಎಡಗಿವಿ ಕೇಳಂಗಿಲ್ರಿ ಸಾಹೇಬ್ರ," ಎಂದುಬಿಟ್ಟೆ.

ಸಂದರ್ಶನ ಮಾಡುತ್ತಿದ್ದ ಸಾಹೇಬ ನಕ್ಕ. ಕೆಲಸ ಇಬ್ಬರಿಗೂ ಇಲ್ಲವೆಂದ.

ನಾನು ಹಂಚುವ ಹಾಳೆಯಲ್ಲಿ ಕಾರ್ಮಿಕರೆಲ್ಲ ಅಣ್ಣತಮ್ಮಂದಿರು ಎಂದಿದೆ. ಥೂ.

ಗೇಟಿನ ಹೊರಗೆ ನಯೀಮ ಬಲಗಿವಿ ತಿರುಗಿಸಿದ. "ಈಗ ಏನರ ಹೇಳಲೇ, ಇದು ಕೇಳತೈತಿ."

ನಾನು ಅವನ ಬಲಬದಿಗೆ ಸರಿದೆ. ಅವನೇ ಮುಂದುವರಿಸಿದ:

"ರವಿವಾರ ಮುಂಜಾನೆ ಹತ್ತಕ್ಕ ಬಸ್‌ಸ್ಟ್ಯಾಂಡಿಗೆ ಬಾ. ಮೊದಲ ನಿನ್ನ ಹಲ್ಲು ಮುರೀತೇನಿ, ಆಮ್ಯಾಲ ಇಬ್ರೂ ಕೆಲಸ ಹುಡುಕೂಣು."

ಹೋಗುತ್ತೇನೆ. ರವಿವಾರ, ಬೆಳಿಗ್ಗೆ ಹತ್ತಕ್ಕೆ.